ಬಲಿಯ ತೀರ್ಪು ಯಾರದು?

ಹಾಸ್ಟೆಲಿನಲ್ಲಿ ಚದುರಂಗ ಆಡುವವರನ್ನು ಸ್ವಲ್ಪ ಗಮನಿಸಿ ನೋಡಿ. ಆಟ ಮುಗಿದದ್ದೇ ತಡ, ಗೆದ್ದವನೂ ಸೋತವನೂ ಜೇಬಿನಿಂದ ಫೋನು ತೆಗೀತಾರೆ. ಆಡಿದ ನಡೆಗಳನ್ನೆಲ್ಲ ಪ್ರೋಗ್ರಾಮಿಗೆ ಒಪ್ಪಿಸಿ, ‘ಹದಿನೆಂಟನೇ ನಡೇಲಿ ಕುದುರೆ ಕೊಟ್ಟದ್ದು ಸರಿಯೋ ತಪ್ಪೋ?’ ಅಂತ ಕೇಳ್ತಾರೆ. ಅದು ಒಂದು ಅಂಕಿ ಹೇಳುತ್ತೆ. ಮೈನಸ್ ಎರಡು ಅಂತ ಬಂದರೆ ಕೊಟ್ಟವನ ಮುಖ ಸಣ್ಣಗಾಗುತ್ತೆ, ಅವನು ಆಟ ಗೆದ್ದಿದ್ದರೂ ಸರಿಯೇ. ಪ್ಲಸ್ ಅಂತ ಬಂದರೆ ಯಾಕೆ ಪ್ಲಸ್ ಎಂದು ಯಾರೂ ಕೇಳೋದಿಲ್ಲ. ಎಲ್ಲರೂ ಎದ್ದು ಕಾಫಿಗೆ ಹೋಗ್ತಾರೆ.

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು, ‘ಯಂತ್ರಕ್ಕೆ ಲೆಕ್ಕ ಮಾತ್ರ ಗೊತ್ತು, ಬಲಿದಾನದ ಸೊಗಸು ಅದಕ್ಕೇನು ಗೊತ್ತು? ಅದು ಮನುಷ್ಯನ ಪ್ರತಿಭೆಗೇ ಮೀಸಲು’ ಅನ್ನುವವರು. ಸಾಹಿತ್ಯ ಓದುವ ನಮ್ಮಂಥವರು ಹೆಚ್ಚಾಗಿ ಈ ಕಡೆಗೇ ವಾಲುತ್ತೇವೆ. ಇನ್ನೊಂದು ಪಂಗಡದವರಿಗೆ ಯಂತ್ರ ಹೇಳಿದ್ದೇ ವೇದವಾಕ್ಯ. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ತಪ್ಪು. ಮೊದಲನೆಯವರದು ಹಳೇ ಕಾಲದ ನಂಬಿಕೆ, ಅದರ ಅವಧಿ ಮುಗಿದು ವರ್ಷಗಳಾದವು. ಎರಡನೆಯವರದು ಸೋಮಾರಿತನ, ಅದರ ಅವಧಿ ಈಗ ಶುರುವಾಗಿದೆ. ಎರಡನೆಯದೇ ಹೆಚ್ಚು ಅಪಾಯ ಅಂತ ಹೇಳೋದಕ್ಕೇ ಈ ಲೇಖನ.

ಇದನ್ನ ನುಂಗಂಬಾಕ್ಕಂನಲ್ಲಿ ಕೂತು ಬರೆಯೋದಕ್ಕೆ ಒಂದು ಅರ್ಥ ಇದೆ. ಇಲ್ಲಿನ ಲೊಯೋಲಾ ಕಾಲೇಜಿನಲ್ಲಿ ವಿಶ್ವನಾಥನ್ ಆನಂದ್ ಬಿ.ಕಾಂ. ಓದಿದರು. ಅವರು 1987ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್ ಆದರು, 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅದಕ್ಕೂ ಹಿಂದೆ, 1972ರಲ್ಲಿ, ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಮ್ಯಾನುಯೆಲ್ ಆರನ್ ಅವರ ಮುಂದಾಳುತನದಲ್ಲಿ ಇದೇ ಊರಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಒಂದು ಚೆಸ್ ಕ್ಲಬ್ ಹುಟ್ಟಿತ್ತು. ಬಾಲಕ ಆನಂದ್ ಆಡಿ ಬೆಳೆದದ್ದು ಅಲ್ಲೇ. ಆ ಕ್ಲಬ್ಬಿಗೆ ಇಟ್ಟ ಹೆಸರು ಮಿಖಾಯಿಲ್ ತಾಲ್ ಅವರದು. ಬಲಿ ಕೊಟ್ಟು ಗೆಲ್ಲುವುದರಲ್ಲಿ ಎತ್ತಿದ ಕೈ ಅಂತ ಲೋಕವೆಲ್ಲ ಒಪ್ಪಿದ ಆಟಗಾರ ಅವರು. ಅಂದರೆ ಈ ಊರಿನ ಚದುರಂಗ ಕಣ್ಣು ಬಿಟ್ಟದ್ದೇ ಬಲಿಯ ಹೆಸರಿನಲ್ಲಿ.

ಮೊದಲು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಬಲಿ ಅಂದರೇನು? ಕಾಲಾಳೋ ಕುದುರೆಯೋ ಮಂತ್ರಿಯೋ, ಒಂದು ಕಾಯನ್ನು ಬೇಕೆಂದೇ ಎದುರಾಳಿಯ ಬಾಯಿಗೆ ಇಡೋದು. ಆಸ್ಟ್ರಿಯಾದ ರುಡಾಲ್ಫ್ ಸ್ಪೀಲ್‌ಮನ್ 1930ರ ದಶಕದಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದು ಬಲಿಯಲ್ಲಿ ಎರಡು ಜಾತಿ ಮಾಡಿದರು. ಒಂದು ಹುಸಿ ಬಲಿ. ಇದರಲ್ಲಿ ಕೊಟ್ಟದ್ದು ನಾಲ್ಕಾರು ನಡೆಗಳಲ್ಲಿ ಬಡ್ಡಿ ಸಮೇತ ವಾಪಸು ಬರುತ್ತೆ, ಇಲ್ಲವೇ ಚೆಕ್‌ಮೇಟ್ ಆಗುತ್ತೆ. ಅದನ್ನ ಕೊಡುವವನು ಕೊನೆಯವರೆಗೂ ಎಣಿಸಿ ಕೊಟ್ಟಿರ್ತಾನೆ. ಅದು ತ್ಯಾಗ ಅಲ್ಲ, ಬ್ಯಾಂಕಿನ ಠೇವಣಿ. ಇನ್ನೊಂದು ನಿಜವಾದ ಬಲಿ. ಇದರಲ್ಲಿ ವಾಪಸು ಬರೋದು ಏನು, ಯಾವಾಗ ಅಂತ ಎಣಿಸಿ ಹೇಳೋದಕ್ಕೆ ಆಗೋದಿಲ್ಲ. ಎದುರಾಳಿಯ ರಾಜ ಬಯಲಿಗೆ ಬಿದ್ದ, ಅವನ ಕಾಯಿಗಳು ಮೂಲೆ ಸೇರಿವೆ, ನನ್ನವು ಎದ್ದು ನಿಂತಿವೆ ಎಂಬ ನಂಬಿಕೆಯ ಮೇಲೆ ಕೊಡೋದು. ಯಂತ್ರ ಬಲಿಯನ್ನು ತೂಗಬಲ್ಲುದೇ ಎಂಬ ಪ್ರಶ್ನೆ ಬಂದಾಗಲೆಲ್ಲ ‘ಯಾವ ಬಲಿ?’ ಅಂತ ಮೊದಲು ಕೇಳಬೇಕು.

ಹುಸಿ ಬಲಿಗೆ ನಮ್ಮ ಆನಂದರಿಂದಲೇ ಒಂದು ಉದಾಹರಣೆ ಕೊಡ್ತೇನೆ. 2013ರ ಜನವರಿಯಲ್ಲಿ ಹಾಲೆಂಡಿನ ವೈಕ್ ಆನ್ ಜೀಯಲ್ಲಿ ಲೆವೊನ್ ಅರೋನಿಯನ್ ಎದುರು ಆನಂದ್ ಕಪ್ಪು ಕಾಯಿಗಳಲ್ಲಿ ಆಡಿದರು. 15ನೇ ನಡೆಯಲ್ಲಿ ಒಂಟೆಯನ್ನು ಸಿ5 ಮನೆಗೆ, ಎದುರಾಳಿಯ ಕಾಲಾಳಿನ ಬಾಯಿಗೇ ತಂದಿಟ್ಟರು. ಮುಂದಿನ ನಡೆಯಲ್ಲೇ ಕುದುರೆಯನ್ನು ಇ5ಕ್ಕೆ ತಂದರು, ಅದೂ ಕಾಲಾಳಿನ ಬಾಯಿಗೇ. ಅರೋನಿಯನ್ ಆ ಕುದುರೆಯನ್ನು ಹೊಡೆದಿದ್ದರೆ ಏನಾಗ್ತಿತ್ತು ನೋಡಿ: ಕಪ್ಪು ಮಂತ್ರಿ ಡಿ4ರ ಕಾಲಾಳನ್ನು ಹೊಡೆದು ಚೆಕ್ ಕೊಡುತ್ತೆ, ಬಿಳಿ ರಾಜ ಮೂಲೆಗೆ ಓಡುತ್ತಾನೆ, ಮಂತ್ರಿ ಜಿ1ಕ್ಕೆ ನುಗ್ಗಿ ತಾನೇ ಬಲಿಯಾಗುತ್ತೆ, ಅದನ್ನು ಆನೆ ಹೊಡೆಯಲೇಬೇಕು, ಆಗ ಉಳಿದ ಇನ್ನೊಂದು ಕುದುರೆ ಎಫ್2ಕ್ಕೆ ಹಾರಿ ಚೆಕ್‌ಮೇಟ್! ತನ್ನದೇ ಆನೆ, ತನ್ನದೇ ಕಾಲಾಳುಗಳ ನಡುವೆ ರಾಜ ಉಸಿರು ಕಟ್ಟಿ ಸಾಯ್ತಾನೆ. ಅರೋನಿಯನ್ ಹೊಡೆಯಲಿಲ್ಲ. ಆದರೂ 23 ನಡೆಗಳಲ್ಲಿ ಸೋತರು. ಇದನ್ನು ನೋಡಿದವರಿಗೆಲ್ಲ 1907ರಲ್ಲಿ ಪೋಲೆಂಡಿನ ಲೋಜ್‌ನಲ್ಲಿ ರುಬಿನ್‌ಸ್ಟೈನ್ ರೋಟ್ಲೆವಿಯನ್ನು ಸೋಲಿಸಿದ ಆಟ ನೆನಪಾಯಿತು. ಇಂಥ ಬಲಿಯನ್ನು ಇವತ್ತಿನ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ತೂಗಿ ಹೇಳುತ್ತೆ. ಎಣಿಸಿ ಮುಗಿಸಬಹುದಾದದ್ದನ್ನು ನಮಗಿಂತ ಚೆನ್ನಾಗಿ ಎಣಿಸುತ್ತೆ. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ.

ನಿಜವಾದ ಬಲಿಯ ಮಾತು ಬೇರೆ. ಅಲ್ಲಿ ಯಂತ್ರ ಬಹಳ ಕಾಲ ಕುರುಡಾಗಿತ್ತು. 1950ರಲ್ಲಿ ಕ್ಲಾಡ್ ಶಾನನ್ ಎಂಬ ಅಮೆರಿಕದ ಗಣಿತಜ್ಞರು ಕಂಪ್ಯೂಟರಿಗೆ ಚದುರಂಗ ಕಲಿಸೋದು ಹೇಗೆ ಅಂತ ಒಂದು ಲೇಖನ ಬರೆದರು. ಮಂತ್ರಿಗೆ 9, ಆನೆಗೆ 5, ಒಂಟೆ ಕುದುರೆಗಳಿಗೆ ಮೂರು ಮೂರು, ಕಾಲಾಳಿಗೆ 1, ಹೀಗೆ ಬೆಲೆ ಕಟ್ಟಿ, ಕಾಯಿಗಳ ಓಡಾಟಕ್ಕೂ ಕಾಲಾಳುಗಳ ಜೋಡಣೆಗೂ ಸ್ವಲ್ಪ ಸ್ವಲ್ಪ ಸೇರಿಸಿ, ಕೂಡಿಸಿ ಕಳೆದು ನೋಡುವ ಕ್ರಮ ಅದು. ಮುಂದಿನ ಹಲವು ದಶಕಗಳ ಯಂತ್ರಗಳೆಲ್ಲ ಸುಮಾರಾಗಿ ಇದೇ ಮನೆತನದವು. ಅವುಗಳ ಕಣ್ಣಿಗೆ ಕುದುರೆ ಕೊಡೋದು ಅಂದರೆ ಮೂರು ರೂಪಾಯಿ ಕಳಕೊಂಡ ಹಾಗೆ. ನೋಟದ ಅಳತೆಯೊಳಗೆ ಆ ಮೂರು ವಾಪಸು ಬರದಿದ್ದರೆ ಅದು ನಷ್ಟ, ಅಷ್ಟೇ. ಮಾರ್ವಾಡಿ ಅಂಗಡಿಯ ತಕ್ಕಡಿ ಕೂಡ ಇಷ್ಟು ನಿಷ್ಠುರವಾಗಿರೋದಿಲ್ಲ.

ಹಾಗಿದ್ದರೆ 1997ರ ಡೀಪ್ ಬ್ಲೂ ಮಾತೇನು ಅಂತ ಕೇಳ್ತೀರಿ. ಕೇಳಬೇಕಾದ್ದೇ. ಆ ವರ್ಷದ ಮೇ 11ರಂದು ನ್ಯೂಯಾರ್ಕಿನಲ್ಲಿ ಆರನೆಯ ಆಟದಲ್ಲಿ ಐಬಿಎಂ ಕಂಪನಿಯ ಆ ಯಂತ್ರ 8ನೇ ನಡೆಗೇ ಕುದುರೆಯಿಂದ ಇ6ರ ಕಾಲಾಳನ್ನು ಹೊಡೆದು, ಕುದುರೆಯನ್ನು ಬಲಿ ಕೊಟ್ಟಿತು. ಕ್ಯಾಸ್ಪರೋವ್ 19 ನಡೆಗಳಲ್ಲಿ ಶರಣಾದರು, ಪಂದ್ಯ ಮೂರೂವರೆ–ಎರಡೂವರೆ ಅಂಕಗಳಿಂದ ಯಂತ್ರದ ಪಾಲಾಯಿತು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡುವ ಯಂತ್ರ ಕೊನೆಗೂ ನಿಜವಾದ ಬಲಿಯನ್ನು ಅರಿತುಬಿಟ್ಟಿತು ಅಂತ ಜನ ಬೆರಗಾದರು. ಸಂಗತಿ ಅದಲ್ಲ. ಆ ನಡೆ ಯಂತ್ರ ಯೋಚಿಸಿ ಆಡಿದ್ದೇ ಅಲ್ಲ. ಆರಂಭದ ನಡೆಗಳ ಅದರ ಪುಸ್ತಕದಲ್ಲಿ ಮನುಷ್ಯರು ಮೊದಲೇ ಬರೆದಿಟ್ಟಿದ್ದ ನಡೆ ಅದು. ಬಲಿಯನ್ನು ತೂಗಿದವರು ಮನುಷ್ಯರು, ಕೊಟ್ಟದ್ದು ಮಾತ್ರ ಯಂತ್ರ. ಮರು ವರ್ಷ, 1998ರಲ್ಲಿ, ಸ್ಪೇನಿನ ಲಿನಾರೆಸ್‌ನಲ್ಲಿ ಟೊಪಲೋವ್ ವಿರುದ್ಧ ಶಿರೋವ್ 47ನೇ ನಡೆಯಲ್ಲಿ ಒಂಟೆಯನ್ನು ಎಚ್3 ಮನೆಗೆ ಸುಮ್ಮನೆ ಎಸೆದರು, ತನ್ನ ರಾಜನಿಗೆ ದಾರಿ ಬಿಡೋದಕ್ಕೆ. ಅಂದಿನ ಯಂತ್ರಗಳಿಗೆ ಆ ನಡೆ ಹೊಳೆಯಲೇ ಇಲ್ಲ. ಮೊದಲ ಪಂಗಡದವರ ನಂಬಿಕೆ ಹುಟ್ಟಿದ್ದು ಆ ಕಾಲದಲ್ಲಿ, ಆಗ ಅದು ನಿಜವೂ ಆಗಿತ್ತು.

ಈಗ ನಿಜವಲ್ಲ. 2017ರ ಡಿಸೆಂಬರಿನಲ್ಲಿ ಡೀಪ್‌ಮೈಂಡ್‌ನವರ ಆಲ್ಫಾಝೀರೋ ಬಂತು. ಅದಕ್ಕೆ ಯಾರೂ ಕುದುರೆಗೆ ಮೂರು, ಆನೆಗೆ ಐದು ಅಂತ ಹೇಳಿಕೊಡಲಿಲ್ಲ. ಆಟದ ನಿಯಮ ಮಾತ್ರ ಹೇಳಿ, ತನ್ನ ಜೊತೆಗೆ ತಾನೇ ಲಕ್ಷಾಂತರ ಆಟ ಆಡಿಕೋ ಅಂತ ಬಿಟ್ಟರು. ಕೆಲವೇ ಗಂಟೆಗಳಲ್ಲಿ ಕಲಿತುಕೊಂಡು ಅಂದಿನ ಬಲಶಾಲಿ ಯಂತ್ರ ಸ್ಟಾಕ್‌ಫಿಶ್ ಎದುರು 100 ಆಟ ಆಡಿತು: 28 ಗೆಲುವು, 72 ಡ್ರಾ, ಒಂದೂ ಸೋಲಿಲ್ಲ. ಅದು ಗೆದ್ದ ರೀತಿ ನೋಡಿ ದೊಡ್ಡ ದೊಡ್ಡ ಆಟಗಾರರು ಮೂಗಿನ ಮೇಲೆ ಬೆರಳಿಟ್ಟರು. ಕಾಲಾಳನ್ನು ಕೊಡುತ್ತೆ, ಒಂಟೆಯನ್ನೂ ಕೊಡುತ್ತೆ, ಕೊಟ್ಟು ಇಪ್ಪತ್ತು ಮೂವತ್ತು ನಡೆ ಅವಸರವೇ ಇಲ್ಲದೆ ಎದುರಾಳಿಯನ್ನು ಕಟ್ಟಿಹಾಕುತ್ತೆ. ಅದು ಕಾಯಿಗಳ ಬೆಲೆ ಕೂಡಿಸೋದಿಲ್ಲ. ಈ ಸ್ಥಿತಿಯಿಂದ ಗೆಲ್ಲುವ ಸಂಭವ ಎಷ್ಟು ಅಂತ ಒಟ್ಟಿಗೇ ಅಂದಾಜು ಮಾಡುತ್ತೆ. 2020ರಲ್ಲಿ ಸ್ಟಾಕ್‌ಫಿಶ್ ಕೂಡ ಇಂಥ ನರಜಾಲದ ವಿದ್ಯೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಈಗ ನಮ್ಮ ಫೋನುಗಳಲ್ಲಿ ಇರುವುದು ಅದೇ ವಂಶ. ಇನ್ನು ಹಲಗೆ ಮೇಲೆ ರಾಜರೂ ಸೇರಿ ಏಳೇ ಕಾಯಿ ಉಳಿದಿದ್ದರೆ ಅಂದಾಜೂ ಬೇಡ. ಅಂಥ ಸ್ಥಿತಿಗಳೆಲ್ಲ ಪೂರ್ತಿ ಬಿಡಿಸಿ ಪಟ್ಟಿ ಮಾಡಿ ಇಟ್ಟಾಗಿದೆ. ಆದ್ದರಿಂದ ‘ಯಂತ್ರಕ್ಕೆ ಬಲಿ ಅರ್ಥವಾಗೋಲ್ಲ’ ಅಂತ ಇನ್ನೂ ಹೇಳುವವರಿಗೆ ನನ್ನ ವಿನಂತಿ: ದಯವಿಟ್ಟು ಈ ವಾದ ಬಿಡಿ. ಮನುಷ್ಯನ ಮರ್ಯಾದೆ ಉಳಿಸಲು ಇದಕ್ಕಿಂತ ಗಟ್ಟಿ ವಾದ ಹುಡುಕೋಣ.

ಆ ಗಟ್ಟಿ ವಾದ ಇರೋದು ಆ ಅಂಕಿಯ ಅರ್ಥದಲ್ಲೇ. ಯಂತ್ರ ‘ಪ್ಲಸ್ ಒಂದು’ ಅಂದಾಗ ಅದು ಹೇಳ್ತಿರೋದು ಏನು? ಒಂದು ಕಾಲಾಳಿನಷ್ಟು ಮೇಲುಗೈ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. 2022ರ ಕೊನೆಗೆ ಬಂದ ಆವೃತ್ತಿಯಿಂದ ಸ್ಟಾಕ್‌ಫಿಶ್ ಆ ಅಳತೆಯನ್ನು ಹೀಗೆ ಗೊತ್ತುಮಾಡಿಕೊಂಡಿದೆ: ತನ್ನಂಥದೇ ಯಂತ್ರದ ಜೊತೆ ತಾನು ಆಡಿದರೆ ಗೆಲ್ಲುವ ಸಂಭವ ನೂರಕ್ಕೆ ಐವತ್ತು ಇರುವ ಸ್ಥಿತಿಯೇ ಪ್ಲಸ್ ಒಂದು. ಮತ್ತೊಮ್ಮೆ ಓದಿ. ಯಂತ್ರ ಯಂತ್ರದ ಜೊತೆ ಆಡಿದರೆ! ಆ ಅಂಕಿಯಲ್ಲಿ ನೀವೂ ಇಲ್ಲ, ನಿಮ್ಮ ಎದುರಿಗೆ ಕೂತು ಉಗುರು ಕಚ್ಚುತ್ತಿರುವ ರೂಮ್‌ಮೇಟೂ ಇಲ್ಲ. ಗಡಿಯಾರದಲ್ಲಿ ಉಳಿದ ಎರಡು ನಿಮಿಷವೂ ಇಲ್ಲ.

ತಾಲ್ ಅವರ ಒಂದು ಆಟ ಈ ಮಾತಿಗೆ ಸಾಕ್ಷಿ. 1960ರಲ್ಲಿ ಮಾಸ್ಕೋದಲ್ಲಿ ವಿಶ್ವ ಚಾಂಪಿಯನ್ ಬಾಟ್ವಿನ್ನಿಕ್ ಎದುರು ಆರನೆಯ ಆಟದಲ್ಲಿ, 21ನೇ ನಡೆಗೆ, ತಾಲ್ ಕುದುರೆಯನ್ನು ಎಫ್4ರಲ್ಲಿ ಬಲಿ ಕೊಟ್ಟರು. ಸಭಾಂಗಣದಲ್ಲಿ ಎಷ್ಟು ಗದ್ದಲ ಎದ್ದಿತೆಂದರೆ ಆಟವನ್ನು ಒಳಗಿನ ಕೋಣೆಗೆ ಸಾಗಿಸಬೇಕಾಯ್ತು. ತಾಲ್ ಗೆದ್ದರು. ಆಮೇಲೆ ಶಾಂತವಾಗಿ ಕೂತು ಬಿಡಿಸಿ ನೋಡಿದಾಗ ಆ ಬಲಿಗೆ ಸರಿಯಾದ ಉತ್ತರ ಇತ್ತು ಅಂತ ಗೊತ್ತಾಯ್ತು. ಬಾಟ್ವಿನ್ನಿಕ್ 25ನೇ ನಡೆಯಲ್ಲಿ ಅದನ್ನು ಆಡಲಿಲ್ಲ. ಆ ಪಂದ್ಯ ಗೆದ್ದು 23 ವರ್ಷದ ತಾಲ್ ವಿಶ್ವ ಚಾಂಪಿಯನ್ ಆದರು. ಹಾಗಾದರೆ ಆ ಬಲಿ ಸರಿಯೋ ತಪ್ಪೋ? ತಪ್ಪೇ ಮಾಡದ ಎದುರಾಳಿಯನ್ನು ಮನಸ್ಸಿನಲ್ಲಿಟ್ಟು ಕೇಳಿದರೆ ಅನುಮಾನದ್ದು. ಎದುರಿಗಿದ್ದ ಬಾಟ್ವಿನ್ನಿಕ್ ಅವರನ್ನು, ಆ ಗಡಿಯಾರವನ್ನು, ಆ ಗದ್ದಲವನ್ನು ಸೇರಿಸಿ ಕೇಳಿದರೆ ಸರಿ. ಯಂತ್ರ ಮೊದಲ ಪ್ರಶ್ನೆಗೆ ಉತ್ತರ ಹೇಳುತ್ತೆ. ಎರಡನೆಯದನ್ನು ಕೇಳಿಸಿಕೊಳ್ಳೋದೇ ಇಲ್ಲ.

ಅಂತ ಹೇಳಿ ಲೆಕ್ಕವನ್ನೇ ಗಾಳಿಗೆ ತೂರಿ ಅಂತ ನಾನು ಹೇಳ್ತಿಲ್ಲ. ಕಥೆಯ ಉಳಿದರ್ಧವನ್ನೂ ಹೇಳಬೇಕು. ಮರು ವರ್ಷ, 1961ರ ಮರುಪಂದ್ಯದಲ್ಲಿ, ಬಾಟ್ವಿನ್ನಿಕ್ ತಾಲ್ ಅವರ ಆಟಗಳನ್ನು ಅರೆದು ಕುಡಿದು ಬಂದು 13–8 ಅಂಕಗಳಿಂದ ಪಟ್ಟ ಕಿತ್ತುಕೊಂಡರು. ಸತ್ಯ ಇಲ್ಲದ ಬಲಿ ಒಂದು ದಿನ ಗೆಲ್ಲಿಸೀತು, ದಿನಾ ಗೆಲ್ಲಿಸೋಲ್ಲ. ಅದಕ್ಕೇ ಯಂತ್ರದ ತೀರ್ಪು ಬೇಕು. ಆದರೆ ಯಾವಾಗ ಬೇಕು, ಎಷ್ಟಕ್ಕೆ ಬೇಕು ಅನ್ನೋದೇ ಪ್ರಶ್ನೆ.

ಬಲಿ ಅಂದ ಕೂಡಲೇ ನಮಗೆ ಬಲಿ ಚಕ್ರವರ್ತಿಯ ನೆನಪು ಬರಬೇಕಲ್ಲ. ವಾಮನ ಮೂರು ಹೆಜ್ಜೆ ಕೇಳಿದಾಗ ಶುಕ್ರಾಚಾರ್ಯರು ಎಚ್ಚರಿಸಿದರು: ಕೊಡಬೇಡ, ಇವನು ಯಾರು ಗೊತ್ತೇ, ನಿನ್ನ ರಾಜ್ಯ ಹೋಗುತ್ತೆ. ಅವರ ಲೆಕ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹೇಳಿದ್ದೆಲ್ಲ ಹಾಗೇ ಆಯಿತು. ಆದರೂ ನಾವು ಬಲಿಪಾಡ್ಯಮಿ ಮಾಡೋದು ಬಲಿಯ ಹೆಸರಿನಲ್ಲಿ, ಶುಕ್ರಾಚಾರ್ಯರ ಹೆಸರಿನಲ್ಲಲ್ಲ. ಯಾಕೆ? ಬಲಿಗೆ ಕೊಡೋದಕ್ಕೆ ತನ್ನದೇ ಆದ ಒಂದು ಕಾರಣ ಇತ್ತು. ಕೊಟ್ಟ ಮಾತು ಅನ್ನೋದು ಆ ಕಾರಣ. ಗುರುಗಳ ಲೆಕ್ಕ ಕೇಳಿಸಿಕೊಂಡೂ ಅವನು ಅದರ ಮೇಲೆ ನಿಂತ. ಚದುರಂಗದಲ್ಲಿ ಮಾತು ಉಳಿಸಿಕೊಳ್ಳುವ ಪ್ರಮೇಯ ಬರೋದಿಲ್ಲ, ನಿಜ. ಆದರೆ ಲೆಕ್ಕ ಬೇರೆ, ಕಾರಣ ಬೇರೆ ಅನ್ನೋದು ಅಲ್ಲೂ ಇಲ್ಲೂ ಒಂದೇ.

ಈಗ ನಮ್ಮ ವಿಷಯಕ್ಕೆ ಬರೋಣ. ಯಂತ್ರ ಅಂಕಿ ಕೊಡುತ್ತೆ, ನಡೆಗಳ ಸಾಲು ಕೊಡುತ್ತೆ, ಕಾರಣ ಕೊಡೋದಿಲ್ಲ. ‘ಎದುರಾಳಿಯ ಕಪ್ಪು ಮನೆಗಳನ್ನು ಕಾಯೋದಕ್ಕೆ ಇನ್ನು ಯಾರೂ ಇಲ್ಲ, ಅದಕ್ಕೇ ಆನೆಯನ್ನು ಕೊಟ್ಟು ಆ ಒಂಟೆಯನ್ನು ತೆಗೆದೆ’ ಅನ್ನುವ ವಾಕ್ಯ ಯಂತ್ರದ ಅಂಕಿಯೊಳಗೆ ಇಲ್ಲ. ಆ ವಾಕ್ಯವನ್ನು ಮಾಡಬೇಕಾದವರು ನಾವು. ಮುಂದಿನ ಆಟಕ್ಕೆ ನಮ್ಮ ಜೊತೆ ಬರೋದೂ ಆ ವಾಕ್ಯವೇ, ಅಂಕಿ ಅಲ್ಲ. ಮೈನಸ್ ಎರಡು ಅನ್ನೋದು ಆ ಒಂದು ಸ್ಥಿತಿಗೆ ಮಾತ್ರ ಸೇರಿದ್ದು. ಅಂಥ ಸ್ಥಿತಿ ನಿಮ್ಮ ಜನ್ಮದಲ್ಲಿ ಇನ್ನೊಮ್ಮೆ ಬರೋದಿಲ್ಲ. ಕಾರಣ ಮಾತ್ರ ನೂರು ಸಲ ಬರುತ್ತೆ. ಕಾರಣ ಹುಡುಕುವ ಮೊದಲೇ ಅಂಕಿ ನೋಡಿಬಿಟ್ಟವನು ಕಣಿ ಕೇಳೋದಕ್ಕೆ ಹೋದವನ ಹಾಗೆ. ಅವನಿಗೆ ಉತ್ತರ ಸಿಗುತ್ತೆ, ವಿದ್ಯೆ ಸಿಗೋದಿಲ್ಲ.

ಇದರ ಪರಿಣಾಮ ಆಗಲೇ ಕಾಣ್ತಿದೆ. ಅಂತರಕಾಲೇಜು ಪಂದ್ಯಗಳಲ್ಲಿ ನೋಡಿ, ಬಲಿ ಕೊಡುವವರು ಕಡಿಮೆಯಾಗಿದ್ದಾರೆ. ಧೈರ್ಯ ಇಲ್ಲ ಅಂತಲ್ಲ. ರಾತ್ರಿ ಯಂತ್ರ ಏನನ್ನುತ್ತೋ ಎಂಬ ಅಳುಕು. ಪರೀಕ್ಷೆಯಲ್ಲಿ ಗೈಡ್ ನೋಡಿ ಬರೆದ ಉತ್ತರಕ್ಕೆ ಅಂಕ ಹೆಚ್ಚು ಅಂತ ಗೊತ್ತಾದ ಮೇಲೆ ಸ್ವಂತ ಮಾತಿನಲ್ಲಿ ಬರೆಯೋದನ್ನ ಬಿಟ್ಟೆವಲ್ಲ, ಇದೂ ಹಾಗೇ. ಪದ್ಯದ ಸ್ವಾರಸ್ಯ ಕೇಳಿದರೆ ವಿಮರ್ಶಕರು ಏನು ಹೇಳಿದ್ದಾರೆ ಅಂತ ಒಪ್ಪಿಸ್ತೇವೆ. ನಮಗೆ ಏನನ್ನಿಸಿತು ಅಂತ ಕೇಳಿದರೆ ತಬ್ಬಿಬ್ಬು. ಯಂತ್ರ ಬರೋದಕ್ಕೆ ಮುಂಚೆಯೇ ಈ ರೋಗ ನಮ್ಮಲ್ಲಿತ್ತು, ಯಂತ್ರ ಅದನ್ನ ಚದುರಂಗಕ್ಕೂ ಹಬ್ಬಿಸಿದೆ.

ಬೇರೆ ದಾರಿಯೂ ಇದೆ, ಅದೂ ಈ ಊರಲ್ಲೇ. ಚೆನ್ನೈನ ಡಿ. ಗುಕೇಶ್ 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ಹದಿನೆಂಟನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು. ಅವರ ಗುರು ವಿಷ್ಣು ಪ್ರಸನ್ನ ಆ ಹುಡುಗನನ್ನು ಗ್ರ್ಯಾಂಡ್‌ಮಾಸ್ಟರ್ ಆಗುವವರೆಗೂ ಯಂತ್ರದ ಹತ್ತಿರ ಬಿಡಲಿಲ್ಲ. ಗುಕೇಶ್ 2019ರಲ್ಲಿ ಆ ಪದವಿ ಪಡೆದಾಗ ಇನ್ನೂ ಹನ್ನೆರಡು ವರ್ಷ. ಹಲಗೆ, ತಲೆ, ಗುರುವಿನ ಜೊತೆ ವಾದ, ಇಷ್ಟರಲ್ಲೇ ಅಲ್ಲಿವರೆಗೆ ಬಂದರು. ಆಮೇಲೆ ಯಂತ್ರವನ್ನೂ ಬಳಸಿದರು. ಇವತ್ತು ಅದಿಲ್ಲದೆ ಆ ಮಟ್ಟದಲ್ಲಿ ಯಾರೂ ನಿಲ್ಲಲಾರರು. ಆದರೆ ಮೊದಲು ಯಾವುದು, ಆಮೇಲೆ ಯಾವುದು ಅನ್ನೋದನ್ನ ಆ ಗುರು ಗಟ್ಟಿಯಾಗಿ ಹಿಡಿದರು. ನಮ್ಮಂಥವರಿಗೆ ವಿಶ್ವ ಪಟ್ಟ ಬೇಕಾಗಿಲ್ಲ, ಆ ಕ್ರಮ ಬೇಕು.

ಕೊನೆಗೆ ನಮ್ಮ ಸಂಘಕ್ಕೆ ಒಂದು ಸೂಚನೆ. ಶನಿವಾರದ ಚದುರಂಗ ಕೂಟದಲ್ಲಿ ಯಾರಾದರೂ ಬಲಿ ಕೊಟ್ಟು ಆಡಿದರೆ, ಗೆದ್ದರೂ ಸೋತರೂ, ಯಾಕೆ ಕೊಟ್ಟೆ ಅಂತ ಕನ್ನಡದಲ್ಲಿ ಹತ್ತು ಸಾಲು ಬರೆದುಕೊಡಲಿ. ಬರೆದು ಮುಗಿಯುವವರೆಗೆ ಫೋನು ಮೇಜಿನ ಮೇಲೆ ಬೋರಲಾಗಿರಲಿ. ಆಮೇಲೆ ಯಂತ್ರವನ್ನು ಕೇಳೋಣ, ಅದು ಹೇಳಿದ್ದನ್ನೂ ಪಕ್ಕದಲ್ಲೇ ಬರೆಯೋಣ. ಎರಡೂ ಹೊಂದಿದರೆ ಸಂತೋಷ. ಹೊಂದದೆ ಇದ್ದರೆ ಇನ್ನೂ ಒಳ್ಳೆಯದು, ಕಲಿಯೋದು ಅಲ್ಲೇ ಇದೆ. ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಡುವಂತೆ ನಡೆಸುವ ಬಂಧಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಭಾಷೆ ನಮ್ಮದು. ಆನೆ, ಒಂಟೆ, ಕಾಲಾಳು ಅಂತ ಹೆಸರು ಕೊಟ್ಟ ಭಾಷೆಗೆ ಅವುಗಳ ಕಥೆ ಹೇಳೋದು ಕಷ್ಟವೇನಲ್ಲ. ಇದುವರೆಗೆ ಹೇಳದೆ ಬಿಟ್ಟಿದ್ದೇವೆ, ಅಷ್ಟೇ. ಹತ್ತು ಸಾಲು ಚೆನ್ನಾಗಿದ್ದರೆ ಸ್ಟೆನ್ಸಿಲ್ ಕತ್ತರಿಸುವ ಕೆಲಸ ನನಗಿರಲಿ. ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೀಲಿ. ಆ ಉತ್ತರ ಮಾತ್ರ ಅವರದೇ ಆಗಿರಲಿ.